ಹದಿನೇಳು ಸೊನ್ನೆ

ಶಿಕ್ಷಕರು ಬೆನ್ನ ಹಿಂದೆ ನನ್ನನ್ನು ‘ಹತ್ತು ಸೆಕೆಂಡ್ ಮೇಷ್ಟ್ರು’ ಎಂದು ಕರೆಯುತ್ತಾರೆ. ಹೆಸರು ಸರಿಯಾಗಿಯೇ ಇದೆ. ಪ್ರಾಥಮಿಕ ಶಾಲೆಯವರಿಗೆ ಮಕ್ಕಳ ಗಮನವನ್ನು ಅಳೆಯುವುದು ಹೇಗೆಂದು ಕಲಿಸುವುದು ನನ್ನ ಕೆಲಸ. ತರಗತಿಯಲ್ಲಿ ಒಂದು ಮಗುವನ್ನು ಆರಿಸಿಕೊಂಡು ನಾಲ್ಕು ನಿಮಿಷ ನೋಡಬೇಕು. ಹತ್ತು ಸೆಕೆಂಡಿಗೊಮ್ಮೆ ‘ಬೀಪ್’ ಎಂದು ಸದ್ದಾಗುತ್ತದೆ. ಆ ಕ್ಷಣಕ್ಕೆ ಮಗುವಿನ ಕಣ್ಣು ಟೀಚರ ಕಡೆಗೋ ಬೋರ್ಡಿನ ಕಡೆಗೋ ಪುಸ್ತಕದ ಕಡೆಗೋ ಇದ್ದರೆ ಒಂದು ಬರೆಯಬೇಕು, ಇಲ್ಲದಿದ್ದರೆ ಸೊನ್ನೆ. ಹೀಗೆ ಇಪ್ಪತ್ನಾಲ್ಕು ಚೌಕ ತುಂಬಿದ ಮೇಲೆ ಒಂದುಗಳನ್ನು ಎಣಿಸಿ ಶೇಕಡಾ ಲೆಕ್ಕ ಹಾಕುವುದು. ಇದಕ್ಕೆ ಗಮನ ಪಟ್ಟಿ ಎಂದು ಹೆಸರು.

ಕಾಲೇಜಿನಲ್ಲಿ ಎಂಟು ವರ್ಷ ಭೌತಶಾಸ್ತ್ರ ಹೇಳಿಕೊಟ್ಟು ಈ ಕೆಲಸಕ್ಕೆ ಬಂದವನು ನಾನು. ‘ಆ ಮಗು ಮಂಕು’, ‘ಈ ಮಗು ಚುರುಕು’ ಎಂದು ಬಾಯಿಗೆ ಬಂದಂತೆ ತೀರ್ಪು ಕೊಡುವುದನ್ನು ಕೇಳಿ ಕೇಳಿ ಬೇಸತ್ತಿದ್ದ ನನಗೆ ಈ ಪಟ್ಟಿ ತುಂಬ ಹಿಡಿಸಿತ್ತು. ಮುಖ್ಯವಾಗಿ ಹಿಡಿಸಿದ್ದು ಅದರ ಹೊಂದಾಣಿಕೆ. ಇಬ್ಬರು ಬೇರೆ ಬೇರೆ ಕೂತು ಒಂದೇ ಮಗುವನ್ನು ನೋಡಿದರೂ ಪಟ್ಟಿ ಒಂದೇ ಥರ ಬರಬೇಕು. ಅದಕ್ಕಾಗಿಯೇ ತರಬೇತಿ. ಎಲ್ಲರಿಗೂ ಒಂದೇ ವಿಡಿಯೋ ತುಣುಕು ತೋರಿಸುತ್ತೇನೆ. ಅವರು ತುಂಬಿದ ಪಟ್ಟಿಯನ್ನು ನನ್ನ ಉತ್ತರ ಪಟ್ಟಿಯ ಜೊತೆ ತಾಳೆ ನೋಡುತ್ತೇವೆ. ನೂರಕ್ಕೆ ಎಂಬತ್ತೈದು ಹೊಂದಿದರೆ ಪ್ರಮಾಣಪತ್ರ. ಹೊಂದದವರು ಮತ್ತೆ ನೋಡಬೇಕು, ಹೊಂದುವ ತನಕ.

ಆ ತುಣುಕನ್ನು ಒಂಬತ್ತು ವರ್ಷದ ಹಿಂದೆ ನಾನೇ ತೆಗೆದಿದ್ದೆ. ಎರಡನೇ ತರಗತಿ, ಮೂರನೇ ಬೆಂಚು, ಎರಡು ಜಡೆಯ ಹುಡುಗಿ. ಅವಳ ಎಡಕ್ಕೆ ದೊಡ್ಡ ಕಿಟಕಿ. ನಾಲ್ಕು ನಿಮಿಷದಲ್ಲಿ ಹೆಚ್ಚಿನ ಹೊತ್ತು ಅವಳ ಮುಖ ಕಿಟಕಿಯ ಕಡೆಗೇ ತಿರುಗಿರುತ್ತದೆ. ಏಳು ಒಂದು, ಹದಿನೇಳು ಸೊನ್ನೆ. ಗಮನ ಶೇಕಡಾ ಇಪ್ಪತ್ತೊಂಬತ್ತು. ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾದ ತುಣುಕು ಎಂದು ಅದನ್ನು ಇಟ್ಟುಕೊಂಡೆ. ಅಂದು ಪಟ್ಟಿಯ ಒಂದು ಪ್ರತಿಯನ್ನು ಅವಳ ಟೀಚರಿಗೆ ಕೊಟ್ಟು ಬಂದಿದ್ದೆ. ಆಮೇಲೆ ಏನಾಯಿತೆಂದು ಕೇಳಿರಲಿಲ್ಲ.

ಈ ವರ್ಷ ಆ ತುಣುಕನ್ನೂ ನನ್ನ ಉತ್ತರ ಪಟ್ಟಿಯನ್ನೂ ಮಾದರಿಯಾಗಿ ಎಲ್ಲ ಶಾಲೆಗಳಿಗೆ ಕಳಿಸುವುದೆಂದು ಇಲಾಖೆಯಲ್ಲಿ ತೀರ್ಮಾನವಾಯಿತು. ನನ್ನ ಸಹಿಯೊಂದು ಬಾಕಿಯಿತ್ತು. ಅದಕ್ಕೆ ಮೊದಲು ಕೊನೆಯದೆಂಬಂತೆ ಎರಡು ದಿನದ ತರಬೇತಿಯೊಂದನ್ನು ನಡೆಸಲು ಒಂದು ಶಾಲೆಗೆ ಹೋಗಿದ್ದೆ. ಅಲ್ಲಿಯ ಮುಖ್ಯ ಶಿಕ್ಷಕಿ, ಎಲ್ಲರೂ ಹೆಡ್ ಮೇಡಂ ಎನ್ನುವವರು, ಟೀಚರುಗಳ ಜೊತೆಗೆ ಬಸ್ ಡ್ರೈವರನ್ನೂ ಆಯಮ್ಮನನ್ನೂ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು.

“ಇವರಿಗೂ ಬೇಕಾ ಮೇಡಂ?” ಎಂದೆ.

“ದಿನಾ ಮಕ್ಕಳ ಜೊತೆ ಇರೋರೇ ಅಲ್ವಾ ಸರ್? ಕೂತ್ಕೊಳ್ಳಲಿ ಬಿಡಿ, ನಿಮ್ಮ ಹಾಳೆ ಏನು ಸವೆದು ಹೋಗಲ್ಲ.”

ಆಯಮ್ಮ ಎಂದರೆ ಚಿಕ್ಕ ಮಕ್ಕಳ ಮುಖ ತೊಳೆಸಿ, ಬಿದ್ದವರನ್ನು ಎತ್ತಿ, ಕೋಣೆ ಗುಡಿಸುವ ಹೆಂಗಸು. ನಲವತ್ತು ದಾಟಿರಬಹುದು. ಪೆನ್ನನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು. ಸೊನ್ನೆ ಒಂದು ಬರೆಯುವುದು ಕಷ್ಟವಾದರೆ ಸರಿ ಗುರುತು, ತಪ್ಪು ಗುರುತು ಹಾಕಿದರೂ ಸಾಕೆಂದು ಅವರಿಬ್ಬರಿಗೂ ಹೇಳಿದೆ.

ತುಣುಕು ಶುರುವಾಯಿತು. ಬೀಪ್. ಪೆನ್ನುಗಳು ಓಡಿದವು. ಅರ್ಧ ಮುಗಿಯುವಷ್ಟರಲ್ಲಿ ಎಂದಿನಂತೆ ಗುಸುಗುಸು, ನಗು.

“ಅಯ್ಯೋ, ನಮ್ಮ ಕ್ಲಾಸಲ್ಲೂ ಒಂದಿದೆ ಇಂಥದ್ದು, ದೇವರಿಗೇ ಪ್ರೀತಿ,” ಎಂದರು ಮುಂದಿನ ಸಾಲಿನ ಟೀಚರೊಬ್ಬರು.

ಡ್ರೈವರ್ ಹಿಂದಿನಿಂದ, “ನನ್ನ ಬಸ್ ಬಂತಾ ಅಂತ ನೋಡ್ತಿರ್ಬೇಕು ಮೇಡಂ. ಪಾಠಕ್ಕಿಂತ ನನ್ನ ಬಸ್ ಮೇಲೇ ಪ್ರೀತಿ ಜಾಸ್ತಿ,” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇಂಥ ನಗು ಪ್ರತಿ ತರಬೇತಿಯಲ್ಲೂ ಬರುತ್ತದೆ. ಅದು ಬಂದರೆ ಜನ ಎಚ್ಚರವಾಗಿದ್ದಾರೆ ಎಂದು ನನ್ನ ಲೆಕ್ಕ.

ತಾಳೆ ನೋಡಿದಾಗ ಹೊಂದಾಣಿಕೆ ಚೆನ್ನಾಗಿತ್ತು. ತೊಂಬತ್ತೆರಡು, ಎಂಬತ್ತೆಂಟು, ತೊಂಬತ್ತಾರು. ಡ್ರೈವರನದೇ ಎಂಬತ್ತೆಂಟು. ಆಯಮ್ಮನ ಹಾಳೆಯಲ್ಲಿ ಮಾತ್ರ ಇಪ್ಪತ್ನಾಲ್ಕು ಚೌಕದಲ್ಲೂ ಸರಿ ಗುರುತು.

“ಏನಮ್ಮ, ನೀವು ಎಲ್ಲರನ್ನೂ ಪಾಸ್ ಮಾಡೋ ಟೀಚರಾ?” ಎಂದೆ. ಮತ್ತೆ ನಗು.

ಅವಳು ಎದ್ದು ನಿಂತಳು. “ಆ ಮಗು ಕೇಳಿಸ್ಕೊಳ್ತಾ ಇದೆ ಸರ್.”

“ಕೇಳಿಸ್ಕೊಳ್ತಾ ಇದೆ ಅಂತ ನೀವು ಅಂದ್ಕೊಂಡಿದೀರ. ಕಣ್ಣಿಗೆ ಕಾಣೋದು ಏನು? ಕಿಟಕಿ ನೋಡ್ತಾ ಇದೆ. ಕಂಡದ್ದನ್ನ ಮಾತ್ರ ಬರೀಬೇಕು, ಅಂದ್ಕೊಂಡದ್ದನ್ನ ಅಲ್ಲ.” ಒಂಬತ್ತು ವರ್ಷದಿಂದ ಹೇಳುತ್ತ ಬಂದ ವಾಕ್ಯ ಅದು. ಬೋರ್ಡಿನ ಮೇಲೂ ಬರೆದೆ. ಅವಳು ಸುತ್ತ ನೋಡಿ ಕೂತಳು.

ಸಂಜೆ ನಾಲ್ಕಕ್ಕೆ ಎಲ್ಲರೂ ಹೊರಟರು. ನಾನು ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದೆ. ಆಯಮ್ಮ ಚಹಾದ ಲೋಟಗಳನ್ನು ತಟ್ಟೆಗೆ ಜೋಡಿಸುತ್ತ ಬಂದು ನನ್ನ ಮೇಜಿನ ಹತ್ತಿರ ನಿಂತಳು.

“ಸರ್, ಅದು ನನ್ನ ಮಗಳು.”

ನನಗೆ ಮೊದಲು ಅರ್ಥವಾಗಲಿಲ್ಲ. “ಯಾವುದು?”

“ಆ ಎರಡು ಜಡೆ. ಅವತ್ತು ಜಡೆ ಹಾಕಿ ಕಳಿಸಿದ್ದೂ ನಾನೇ. ವಿಡಿಯೋ ತೆಗೀತಾರೆ ಅಂತ ಹೇಳಿದ್ರು, ಕಾಗದಕ್ಕೆ ಸಹಿ ಹಾಕ್ಸಿದ್ರು. ನಾನು ಆಗ ಬೇರೆ ಕಡೆ ಕೆಲಸಕ್ಕಿದ್ದೆ.” ಲೋಟಗಳನ್ನು ಕೆಳಗಿಟ್ಟಳು. “ಅವಳಿಗೆ ಎಡಗಿವಿ ಕೇಳಿಸಲ್ಲ ಸರ್. ಒಂದು ಚೂರೂ ಕೇಳಿಸಲ್ಲ. ನಾಲ್ಕು ವರ್ಷದ ಮಗು ಇದ್ದಾಗ ಮಂಗನಬಾವು ಬಂದಿತ್ತು, ಅದರಲ್ಲೇ ಹೋಗಿರಬೇಕು ಅಂದ್ರು ಡಾಕ್ಟ್ರು. ನಮಗೆ ಗೊತ್ತಾಗಿದ್ದು ಅವಳು ಐದನೇ ಕ್ಲಾಸಿಗೆ ಬಂದ ಮೇಲೆ. ಫೋನನ್ನ ಎಡಗಿವಿಗೆ ಹಿಡಿದು ಅತ್ತೆ ಹತ್ರ ಮಾತಾಡು ಅಂದೆ. ಅತ್ತೆ ಸುಮ್ಮನೇ ಇದಾರಮ್ಮ ಅಂದ್ಲು. ಫೋನ್ ಕೆಟ್ಟಿದೆ ಅಂದ್ಕೊಂಡು ರಿಪೇರಿಗೆ ಕೊಟ್ಟು ಬಂದೆ ಸರ್ ನಾನು.”

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವಳು ನಿಂತೇ ಇದ್ದಳು. ಕೂರಿ ಎಂದರೂ ಕೂರಲಿಲ್ಲ.

“ಆ ವರ್ಷ ಟೀಚರ್ ನನ್ನ ಕರೆಸಿ ಒಂದು ಹಾಳೆ ತೋರಿಸಿದ್ರು. ಇದೇ ಹಾಳೆ. ದೊಡ್ಡೋರು ಬಂದು ಅಳತೆ ಮಾಡಿದಾರೆ, ನಿಮ್ಮ ಮಗಳಿಗೆ ಗಮನ ಇಪ್ಪತ್ತೊಂಬತ್ತು ಅಂದ್ರು. ಇನ್ನೊಂದು ವರ್ಷ ಎರಡನೇ ಕ್ಲಾಸಲ್ಲೇ ಕೂರಿಸಿದ್ರು. ಅದು ಹೋಗ್ಲಿ. ಮನೇಲಿ ನಾನು ಏನ್ ಮಾಡ್ತಿದ್ದೆ ಗೊತ್ತಾ ಸರ್? ಪಾಠ ಓದಿ ಹೇಳುವಾಗ ಅವಳು ಮುಖ ಆ ಕಡೆ ತಿರುಗಿಸೋಳು. ನಾನು ಗಲ್ಲ ಹಿಡ್ಕೊಂಡು ನೆಟ್ಟಗೆ ಮಾಡ್ತಿದ್ದೆ. ಅಲ್ಲಾಡಿದ್ರೆ ಕೆನ್ನೆಗೆ ಕೊಡ್ತಿದ್ದೆ. ಕೇಳೋ ಕಿವೀನ ನನ್ನ ಕೈಯಾರೆ ಆ ಕಡೆ ಮಾಡಿ ಹೊಡೀತಿದ್ದೆ. ಮೂರು ವರ್ಷ.”

ಹೊರಗೆ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುತ್ತಿತ್ತು. ನನ್ನ ಬಾಯಿಗೆ ಬಂದ ಮೊದಲ ಮಾತು ನನ್ನನ್ನು ಉಳಿಸಿಕೊಳ್ಳುವ ಮಾತೇ ಆಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

“ನಾಳೆಯಿಂದ ಆ ತುಣುಕು ತೋರಿಸಲ್ಲಮ್ಮ. ತೆಗೆದುಹಾಕ್ತೀನಿ. ಬೇರೆ ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ.”

ಅವಳು ತಲೆಯೆತ್ತಿ ನೋಡಿದಳು. “ತೆಗೆದ್ರೆ ನಿಮ್ಮ ತಪ್ಪು ಹೋಯ್ತು. ನನ್ನದು ಎಲ್ಲಿಗೆ ಹೋಗುತ್ತೆ? ಇಷ್ಟು ಜನ ನಕ್ಕರಲ್ಲ ಸರ್ ಇವತ್ತು. ಎಷ್ಟು ಕಡೆ ನಕ್ಕಿದಾರೋ. ಯಾವ ಕೋಣೇಲಿ ನಕ್ಕರೋ ಅದೇ ಕೋಣೇಲಿ ಹೇಳಿ, ಈ ಮಗು ಕೇಳಿಸ್ಕೊಳ್ತಾ ಇತ್ತು ಅಂತ. ನನ್ನ ಮಗಳು ಅಂತ್ಲೇ ಹೇಳಿ. ಬೇರೇನೂ ಬೇಡ ನನಗೆ.”

“ಮಗಳಿಗೆ ಒಪ್ಪಿಗೆ ಇರಬೇಕಲ್ಲ?”

“ನಾಳೆ ಬೆಳಿಗ್ಗೆ ಕರ್ಕೊಂಡ್ ಬರ್ತೀನಿ. ತಪ್ಪಾಯ್ತು ಅಂತ ಅವಳಿಗೂ ನಾನು ಇವತ್ತಿನ ತನಕ ಬಾಯಿಬಿಟ್ಟು ಹೇಳಿಲ್ಲ,” ಎಂದು ತಟ್ಟೆ ಎತ್ತಿಕೊಂಡು ಹೋದಳು.

ಅವಳು ಹೋದ ಮೇಲೆ ಸುತ್ತಿಟ್ಟ ವೈರನ್ನು ಮತ್ತೆ ಬಿಚ್ಚಿದೆ. ಅವಳ ಮಾತನ್ನು ನಂಬಲಿಲ್ಲವೆಂದಲ್ಲ. ನೂರಾರು ಸಲ ನೋಡಿದ ನಾಲ್ಕು ನಿಮಿಷವನ್ನು ಒಮ್ಮೆಯಾದರೂ ನೋಡಿದ್ದೇನೆಯೇ ಎಂಬ ಅನುಮಾನ ಬಂದಿತ್ತು. ಈ ಸಲ ಹುಡುಗಿಯನ್ನು ಬಿಟ್ಟು ಟೀಚರನ್ನು ಗಮನಿಸಿದೆ. ಪ್ರತಿ ಬೀಪಿಗೂ ಅವರು ಮಾತಾಡುತ್ತಿದ್ದಾರೋ ಸುಮ್ಮನಿದ್ದಾರೋ ಎಂದು ಗುರುತು ಹಾಕಿಕೊಂಡೆ. ಆಮೇಲೆ ಆ ಸಾಲನ್ನು ನನ್ನ ಉತ್ತರ ಪಟ್ಟಿಯ ಕೆಳಗಿಟ್ಟೆ.

ಹದಿನೇಳು ಸೊನ್ನೆಗಳಲ್ಲಿ ಹದಿನಾರರಲ್ಲಿ ಟೀಚರ್ ಎದುರಿಗೆ ನಿಂತು ಮಾತಾಡುತ್ತಿದ್ದರು. ಏಳು ಒಂದುಗಳಲ್ಲಿ ಆರರಲ್ಲಿ ಅವರು ಬೋರ್ಡಿನ ಮೇಲೆ ಏನೋ ಬರೆಯುತ್ತ ಸುಮ್ಮನಿದ್ದರು. ಉಳಿದ ಒಂದರಲ್ಲಿ ಮಾತಾಡುತ್ತಲೇ ಬೆಂಚಿನ ಬಲಗಡೆಗೆ, ತೀರ ಹತ್ತಿರ ಬಂದಿದ್ದರು. ಹುಡುಗಿ ಆಗ ನೇರ ಅವರ ಮುಖವನ್ನೇ ನೋಡಿದ್ದಳು. ಎಡಗಿವಿ ಕೇಳಿಸದವರು ಎದುರಿನ ಮಾತನ್ನು ಬಲಗಿವಿಗೆ ತಂದುಕೊಳ್ಳಬೇಕಾದರೆ ಮುಖವನ್ನು ಎಡಕ್ಕೆ ತಿರುಗಿಸಲೇಬೇಕು. ಎಡಕ್ಕೆ ಕಿಟಕಿಯಿತ್ತು, ಅಷ್ಟೆ. ಕಿವಿಗೊಟ್ಟಾಗಲೆಲ್ಲ ನಾನು ಅವಳಿಗೆ ಸೊನ್ನೆ ಕೊಟ್ಟಿದ್ದೆ. ಕೇಳಲು ಏನೂ ಇಲ್ಲದಾಗ ಒಂದು ಕೊಟ್ಟಿದ್ದೆ. ಕಾಲೇಜಿನಲ್ಲಿ ಎಂಟು ವರ್ಷ ಪ್ರತಿ ವರ್ಷವೂ ಶಬ್ದದ ಪಾಠ ಮಾಡಿದ್ದವನು ನಾನೇ.

ಇನ್ನೊಂದು ಲೆಕ್ಕವೂ ಕಣ್ಣಿಗೆ ಬಿತ್ತು. ಎಲ್ಲ ಚೌಕಕ್ಕೂ ಸರಿ ಹಾಕಿದ ಆಯಮ್ಮನ ಹೊಂದಾಣಿಕೆ ಇಪ್ಪತ್ನಾಲ್ಕರಲ್ಲಿ ಏಳು, ಅಂದರೆ ಶೇಕಡಾ ಇಪ್ಪತ್ತೊಂಬತ್ತು. ಅಂದು ಮಗಳಿಗೆ ಕೊಟ್ಟ ಅಂಕವನ್ನೇ ಇಂದು ತಾಯಿಗೂ ಕೊಟ್ಟಿದ್ದೆ. ನನ್ನ ಹಾಜರಿ ಪುಸ್ತಕಗಳ ಪ್ರಕಾರ ಒಂಬತ್ತು ವರ್ಷದಲ್ಲಿ ಸಾವಿರದ ನೂರ ನಲವತ್ತು ಶಿಕ್ಷಕರು ಈ ತುಣುಕು ನೋಡಿದ್ದಾರೆ. ನನ್ನ ಹಾಗೆಯೇ ತಪ್ಪು ನೋಡುವ ತನಕ ಅವರನ್ನು ಬಿಟ್ಟಿರಲಿಲ್ಲ.

ಇಲಾಖೆಯ ಮೇಲಧಿಕಾರಿಗೆ ಅಲ್ಲಿಂದಲೇ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು, “ಬೇರೆ ತುಣುಕು ಹಾಕಿ ಕಳಿಸಿಬಿಡಿ. ಕಾರಣ ಗೀರಣ ಬರೆಯೋಕೆ ಹೋಗ್ಬೇಡಿ. ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ ಹಾಗಾಗುತ್ತೆ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಒಂದು ಗಂಟೆಯ ಹಿಂದೆ ನಾನು ಆಯಮ್ಮನಿಗೆ ಹೇಳಿದ್ದೂ ಅದೇ ಮಾತಾದ್ದರಿಂದ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ.

ಮರುದಿನ ಎಂಟೂವರೆಗೆ ತಾಯಿ ಮಗಳು ಬಂದರು. ಹುಡುಗಿಗೆ ಈಗ ಹದಿನಾರು. ಒಂದೇ ಜಡೆ, ಭುಜಕ್ಕೆ ಪುಸ್ತಕದ ಚೀಲ. ಕಂಪ್ಯೂಟರ್ ಕೋಣೆಯಲ್ಲಿ ನಾನು ಅವಳ ಪಕ್ಕಕ್ಕೆ ಕುರ್ಚಿ ಹಾಕಿಕೊಂಡು ಮಾತು ಶುರುಮಾಡಿದೆ. ಅವಳು ತಡೆದಳು.

“ಸರ್, ಈ ಕಡೆ ಬನ್ನಿ. ಅಲ್ಲಿ ಕೂತು ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ.”

ಕುರ್ಚಿ ಎತ್ತಿಕೊಂಡು ಬಲಕ್ಕೆ ಬಂದೆ. ಹೇಳಬೇಕಾದ್ದನ್ನೆಲ್ಲ ಹೇಳಿದೆ: ತುಣುಕು, ಪಟ್ಟಿ, ನಗು, ಲೆಕ್ಕ. ಅವಳು ಮುಖ ಸ್ವಲ್ಪ ಎಡಕ್ಕೆ ವಾಲಿಸಿ ಕೇಳಿದಳು. ಆಮೇಲೆ ತುಣುಕು ಹಾಕಿದೆ. ಆಯಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

“ಎಷ್ಟು ಸಣ್ಣ ಇದ್ದೆ,” ಎಂದಳು ಹುಡುಗಿ. ಸ್ವಲ್ಪ ಹೊತ್ತಿನ ಮೇಲೆ, “ನೀರು ಎಲ್ಲಿಂದ ಬರುತ್ತೆ ಅನ್ನೋ ಪಾಠ. ಕೆರೆ, ಬಾವಿ, ನದಿ, ಮೋಡ. ಎರಡು ವರ್ಷ ಕೇಳಿದೀನಲ್ಲ, ಮರೆಯೋದು ಹೇಗೆ?” ಹತ್ತೊಂಬತ್ತನೇ ಬೀಪ್ ದಾಟಿದಾಗ ಪರದೆಯನ್ನು ಬೆರಳಲ್ಲಿ ಮುಟ್ಟಿದಳು. “ಇಲ್ಲಿ ಮಾತ್ರ ನಿಜವಾಗ್ಲೂ ಕಾಗೆ ನೋಡ್ತಿದ್ದೆ ಸರ್. ಈ ಸೊನ್ನೆ ಇರ್ಲಿ, ಇದು ನಂದೇ.”

ನಗಬೇಕೋ ಬೇಡವೋ ತಿಳಿಯಲಿಲ್ಲ. ಪಟ್ಟಿ ನೋಡಿದೆ. ಟೀಚರ್ ಸುಮ್ಮನಿದ್ದಾಗ ಬಿದ್ದ ಒಂದೇ ಒಂದು ಸೊನ್ನೆ ಅದೇ.

ಬಾಗಿಲ ಕಡೆಯಿಂದ ಆಯಮ್ಮ, “ನಿನ್ನ ಗಲ್ಲ ಹಿಡ್ಕೊಂಡು ನಾನು…” ಎಂದು ನಿಲ್ಲಿಸಿದಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಮಗಳು ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಕುರ್ಚಿಯಲ್ಲೇ ತಾಯಿಯ ಕಡೆಗೆ ತಿರುಗಿದಳು. “ಗೊತ್ತಮ್ಮ. ನೀನು ಹಾಗೆ ಹಿಡ್ಕೊಂಡಾಗ ನಿನ್ನ ಬಾಯಿ ನೋಡ್ತಿದ್ದೆ. ಅರ್ಧ ಅದರಲ್ಲೇ ಅರ್ಥ ಆಗೋದು. ನೋವಾಗ್ತಿತ್ತು. ಆಗ್ತಿರ್ಲಿಲ್ಲ ಅಂತ ಸುಳ್ಳು ಹೇಳಲ್ಲ,” ಎಂದಳು.

“ಹೇಳ್ಬೇಡ,” ಎಂದಳು ತಾಯಿ.

ಆಮೇಲೆ ಹುಡುಗಿ ಚೀಲ ಹೆಗಲಿಗೇರಿಸುತ್ತ, “ತೋರಿಸಿ ಸರ್. ಆದ್ರೆ ಪಾಪ ಅಂತ ಮಾತ್ರ ಹೇಳ್ಬೇಡಿ. ಗುಟ್ಟು ಮೊದಲೇ ಬಿಟ್ಟುಕೊಡ್ಲೂಬೇಡಿ. ಅವರೇ ಕಂಡುಹಿಡೀಲಿ,” ಎಂದಳು. ಕ್ಲಾಸಿಗೆ ಹೊತ್ತಾಯಿತೆಂದು ಹೊರಟಳು. ತಾಯಿ ಗೇಟಿನವರೆಗೂ ಅವಳ ಬಲಗಡೆಯಲ್ಲೇ ನಡೆದು ಹೋದದ್ದು ಕಿಟಕಿಯಿಂದ ಕಂಡಿತು.

ಹತ್ತು ಗಂಟೆಗೆ ತರಬೇತಿಯ ಕೋಣೆ ತುಂಬಿತು. ನಿನ್ನೆಯ ಹಾಳೆಗಳನ್ನು ಅವರವರಿಗೆ ವಾಪಸು ಕೊಟ್ಟೆ.

“ಅದೇ ತುಣುಕು ಇನ್ನೊಂದು ಸಲ. ಈ ಸಲ ಮಗುವನ್ನ ನೋಡಬೇಡಿ. ಬೀಪ್ ಬಂದಾಗ ಟೀಚರ್ ಎದುರಿಗೆ ನಿಂತು ಮಾತಾಡ್ತಾ ಇದ್ರೆ ಒಂದು, ಇಲ್ಲದಿದ್ರೆ ಸೊನ್ನೆ. ನಿನ್ನೆಯ ಸಾಲಿನ ಕೆಳಗೇ ಬರೀರಿ.”

“ಈಗ ಟೀಚರಿಗೂ ಮಾರ್ಕ್ಸಾ ಸರ್?” ಎಂದರು ಯಾರೋ. ನಾಲ್ಕು ನಿಮಿಷ ಪೆನ್ನುಗಳು ಓಡಿದವು. ಮುಗಿದ ಮೇಲೆ ಪ್ರೊಜೆಕ್ಟರ್ ಆರಿಸಿದೆ. ಮೊದಲು ಒಬ್ಬರು ಹಾಳೆಯ ಮೇಲೆ ಬಾಗಿದರು, ಪಕ್ಕದವರದನ್ನು ಇಣುಕಿ ನೋಡಿದರು. “ಇದೇನ್ರೀ, ನನ್ನದು ಹೆಚ್ಚುಕಮ್ಮಿ ಪೂರ್ತಿ ಉಲ್ಟಾ ಬಂದಿದೆ!” “ನನ್ನದೂ.” “ಮೇಲೆ ಸೊನ್ನೆ ಇದ್ದ ಕಡೆ ಕೆಳಗೆ ಒಂದು.” ಗುಸುಗುಸು ಸಾಲಿನಿಂದ ಸಾಲಿಗೆ ಹಬ್ಬಿ ನಿಧಾನವಾಗಿ ನಿಂತಿತು.

ಆಗ ಹೇಳಿದೆ. ಹೇಳುವುದಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ. “ಈ ಮಗುವಿಗೆ ಎಡಗಿವಿ ಕೇಳಿಸ್ತಿರ್ಲಿಲ್ಲ. ಅವಳು ಪಾಠ ಕೇಳಿಸ್ಕೊಳ್ತಾ ಇದ್ಲು, ಬಹುಶಃ ಆ ಕ್ಲಾಸಲ್ಲಿ ಎಲ್ಲರಿಗಿಂತ ಕಷ್ಟಪಟ್ಟು. ಉತ್ತರ ಪಟ್ಟಿ ಬರೆದವನು ನಾನು, ಅದು ತಪ್ಪು. ಅದರಿಂದ ಅವಳು ಒಂದು ವರ್ಷ ಕಳ್ಕೊಂಡ್ಲು. ನಿನ್ನೆ ನಿಮ್ಮಲ್ಲಿ ಒಬ್ಬರು ಮಾತ್ರ ಸರಿಯಾಗಿ ನೋಡಿದ್ರು, ಅವರನ್ನ ನಾನು ತಮಾಷೆ ಮಾಡಿ ಕೂರಿಸಿದೆ. ಅವಳು ಆಯಮ್ಮನ ಮಗಳು.”

ಎಲ್ಲರೂ ಹಿಂದಕ್ಕೆ ತಿರುಗಿದರು. ಆಯಮ್ಮ ಕೂತಲ್ಲೇ ಕೈ ಕಟ್ಟಿಕೊಂಡು ಬೋರ್ಡನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಗೆದ್ದ ಭಾವವೇನೂ ಇರಲಿಲ್ಲ. ತುಂಬ ಹೊತ್ತು ಎತ್ತಿಕೊಂಡಿದ್ದ ಭಾರವನ್ನು ಇಳಿಸಿ ಉಸಿರು ತೆಗೆದುಕೊಳ್ಳುವವರ ಹಾಗೆ ಭುಜ ಒಮ್ಮೆ ಮೇಲೆದ್ದು ಇಳಿಯಿತು. ಡ್ರೈವರ್ ಪಕ್ಕದಲ್ಲಿ ತಲೆ ತಗ್ಗಿಸಿ, “ತಪ್ಪಾಯ್ತಕ್ಕ,” ಎಂದ. ಅವಳು, “ಇರ್ಲಿ ಬಿಡಪ್ಪ, ನಿನಗೇನು ಗೊತ್ತಿತ್ತು,” ಎಂದಳು. ‘ನಿನಗೇನು’ ಎಂಬುದನ್ನು ಒತ್ತಿ ಹೇಳಿದಳೋ ಅಥವಾ ನನಗೆ ಹಾಗೆ ಕೇಳಿಸಿತೋ, ಈಗಲೂ ಗೊತ್ತಿಲ್ಲ.

ಹೆಡ್ ಮೇಡಂ ಎದ್ದು ನಿಂತರು. “ಹೋದ ವರ್ಷ ನಮ್ಮ ಶಾಲೆಯಿಂದ ನಾಲ್ಕು ಟೀಚರ್ಸ್ ಇವರ ತರಬೇತಿಗೆ ಹೋಗಿ ಬಂದಿದ್ರು. ಅವರು ಮಾಡಿದ ಪಟ್ಟಿಗಳು ಆಫೀಸಿನ ಬೀರುವಿನಲ್ಲಿವೆ. ಮೂವತ್ತೊಂದು ಮಕ್ಕಳದು.” ನನ್ನ ಕಡೆ ನೋಡಿ, “ಇವತ್ತಿನ ನಿಮ್ಮ ಬಾಕಿ ಪಾಠ ಇರ್ಲಿ ಸರ್. ಅವನ್ನ ತರಿಸ್ತೀನಿ,” ಎಂದರು.

ಆ ದಿನ ಮಿಕ್ಕದ್ದೇನನ್ನೂ ನಾನು ಕಲಿಸಲಿಲ್ಲ. ಮೇಜುಗಳನ್ನು ಒಟ್ಟಿಗೆ ಎಳೆದು ಮೂವತ್ತೊಂದು ಹಾಳೆಗಳನ್ನೂ ಹರಡಿದರು. ಒಂದೊಂದನ್ನೂ ಎತ್ತಿಕೊಂಡು ಈ ಮಗು ಎಲ್ಲಿ ಕೂರುತ್ತಿತ್ತು, ಯಾವ ಕಡೆ ತಿರುಗುತ್ತಿತ್ತು, ಆಗ ಟೀಚರ್ ಎಲ್ಲಿದ್ದರು ಎಂದು ಮಾತಾಡಿದರು. ಕೆಲವರಿಗೆ ನೆನಪಿತ್ತು, ಹೆಚ್ಚಿನವರಿಗೆ ಇರಲಿಲ್ಲ. ಇಲಾಖೆಗೆ ಕಾರಣ ಸಮೇತ ಪತ್ರವನ್ನು ಮೂಲೆಯ ಮೇಜಿನಲ್ಲಿ ಕೂತು ಬರೆದೆ. ಸಾವಿರದ ನೂರ ನಲವತ್ತು ಜನರಿಗೆ ಕಳಿಸಬೇಕಾದ ಇನ್ನೊಂದು ಪತ್ರದ ಮೊದಲ ಸಾಲನ್ನು ಮೂರು ಸಲ ಹೊಡೆದು ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಟೀಚರ್ ಒಂದು ಹಾಳೆ ಹಿಡಿದು ಆಯಮ್ಮನ ಹತ್ತಿರ ಹೋದರು. ಇಪ್ಪತ್ನಾಲ್ಕರಲ್ಲಿ ಇಪ್ಪತ್ತೊಂದು ಸೊನ್ನೆ ಪಡೆದಿದ್ದ ಹುಡುಗನ ಹಾಳೆ.

“ಆಯಮ್ಮ, ಇವನು ಯಾವಾಗ್ಲೂ ತಲೆ ಬಗ್ಗಿಸ್ಕೊಂಡೇ ಇರ್ತಾನೆ. ಇವನಿಗೆ ಏನಾಗಿದೆ? ನೀವು ಹೇಳಿ.”

ಕೋಣೆಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ಅವಳನ್ನೇ ನೋಡಿದರು, ನಾನೂ ಸೇರಿ. ಅವಳು ಹಾಳೆಯನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದಳು.

“ಗೊತ್ತಿಲ್ಲ ಟೀಚರ್,” ಎಂದಳು. “ನಾಳೆ ಅವನ ಪಕ್ಕದಲ್ಲಿ ಕೂತು ನೋಡ್ತೀನಿ.”